ತೆರಿಗೆ ಕಟ್ಟಿದವನ ಮನೆ ಕಾರ್ಡು

ನಮ್ಮ ಬೀದಿಯಲ್ಲಿ ಪ್ರತಿ ಮನೆಗೂ ಮೂರು ಆದಾಯ. ರೇಷನ್ ಕಾರ್ಡಿಗೆ ಒಂದು, ಬ್ಯಾಂಕಿನ ಸಾಲಕ್ಕೆ ಒಂದು, ಹೆಣ್ಣು ಕೊಡಲು ಬರುವ ಬೀಗರಿಗೆ ಒಂದು. ಮೊದಲನೆಯದರಲ್ಲಿ ಗಂಜಿಗೂ ಗತಿಯಿರುವುದಿಲ್ಲ, ಕೊನೆಯದರಲ್ಲಿ ಕಾರು ಕೊಳ್ಳಬಹುದು. ಇದನ್ನು ಯಾರೂ ಸುಳ್ಳು ಎಂದು ಕರೆಯುವುದಿಲ್ಲ. ಮದುವೆ ಮನೆಗೊಂದು ಸೀರೆ, ಸಾವಿನ ಮನೆಗೊಂದು ಸೀರೆ ಇದ್ದ ಹಾಗೆ ಅದು. ಭದ್ರಾವತಿಯ ಓಲ್ಡ್ ಟೌನಿಗೆ ಸೊಸೆಯಾಗಿ ಬಂದ ವರ್ಷವೇ ನಾನು ಇದನ್ನು ಕಲಿತೆ. ಇಲ್ಲೇ ಹುಟ್ಟಿ ಬೆಳೆದರೂ ಕಲಿಯದ ಒಬ್ಬನೇ ಮನುಷ್ಯ ನನ್ನ ಗಂಡ.

ನನ್ನ ಗಂಡ ಕಾಂತರಾಜ್ ಮೋಟಾರ್ ರಿವೈಂಡಿಂಗ್ ಮಾಡುತ್ತಾರೆ. ಮೊದಲು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸದಲ್ಲಿದ್ದರು. ಅದು ಹೋದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಹಾಕಿದರು. ತೋಟದ ಪಂಪಾಗಲಿ, ಅಡುಗೆಮನೆಯ ಮಿಕ್ಸಿಯಾಗಲಿ, ಕಾಯಿಲ್ ಸುಟ್ಟರೆ ಹೊಸ ತಂತಿ ಸುತ್ತಿಸಲು ಇವರ ಹತ್ತಿರ ಬರುತ್ತದೆ. ಕೆಲಸದಲ್ಲಿ ಯಾರೂ ಬೆರಳು ತೋರಿಸುವ ಹಾಗಿಲ್ಲ. ಆದರೆ ಒಂದು ಚಟವಿದೆ, ಬಿಲ್ ಹರಿಯುವುದು. ಮಿಕ್ಸಿಗೆ ಒಂದು ಕಾರ್ಬನ್ ಬ್ರಷ್ ಹಾಕಿಕೊಟ್ಟರೂ ಬಿಲ್ ಬುಕ್ ತೆಗೆದು, ಗಿರಾಕಿಯ ಹೆಸರು ಕೇಳಿ, ದುಂಡಗೆ ಬರೆದು ಕೈಗೆ ಕೊಡುತ್ತಾರೆ.

"ಬಿಲ್ ಯಾಕೋ ಮಾರಾಯ, ನಾನೇನು ಕೋರ್ಟಿಗೆ ಹೋಗ್ತೀನಾ?" ಎಂದು ಗಿರಾಕಿಗಳು ನಗುತ್ತಾರೆ.

"ದುಡ್ಡು ತಗೊಂಡಿದ್ದಕ್ಕೆ ಒಂದು ಸಾಕ್ಷಿ ಬೇಡ್ವಾ?" ಎನ್ನುತ್ತಾರೆ ಇವರು.

ಕೊಟ್ಟವನಿಗೇ ಬೇಡವಾದ ಸಾಕ್ಷಿ ತೆಗೆದುಕೊಂಡವನಿಗೆ ಯಾಕೆ ಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ದುಡ್ಡಿನ ವಿಷಯದಲ್ಲಿ ಮಾತ್ರವಲ್ಲ, ಎಲ್ಲದರಲ್ಲೂ ಹೀಗೇ. ಎದುರು ಮನೆಯ ಪುಷ್ಪಮ್ಮ ಒಂದು ಬಟ್ಟಲು ಪಾಯಸ ಕಳಿಸಿದರೆ ಸಂಜೆಯೊಳಗೆ ಆ ಬಟ್ಟಲು ತುಂಬಿಕೊಂಡು ವಾಪಸು ಹೋಗಬೇಕು. ಇಲ್ಲದಿದ್ದರೆ ಇವರಿಗೆ ಊಟ ಸೇರುವುದಿಲ್ಲ. ಎಷ್ಟೋ ಸಲ ಮನೆಯಲ್ಲಿ ಏನೂ ಇಲ್ಲದೆ, ಬಟ್ಟಲಿಗೆ ಒಂದು ಅಚ್ಚು ಬೆಲ್ಲ ಹಾಕಿ ಕಳಿಸಿದ್ದೇನೆ.

ಆ ಬಿಲ್ ಬುಕ್ಕೇ ನಮಗೆ ಮುಳುವಾಯಿತು. ಕೆಲವು ವರ್ಷಗಳ ಹಿಂದೆ ವೈಂಡಿಂಗ್ ಮೆಶಿನ್ನಿಗೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಕೇಳಿದರು. ಶಿವಮೊಗ್ಗದಲ್ಲಿ ವಸಂತ್ ಎಂಬ ಟ್ಯಾಕ್ಸ್ ಕನ್ಸಲ್ಟೆಂಟ್ ಇದ್ದಾರೆ. ಅವರ ಹತ್ತಿರ ಇಬ್ಬರೂ ಹೋದೆವು. ಇವರು ಚೀಲದ ತುಂಬ ಬಿಲ್ ಬುಕ್ ಹೊತ್ತುಕೊಂಡು ಬಂದದ್ದನ್ನು ನೋಡಿ ವಸಂತ್ ಮೊದಲು ನಕ್ಕರು, ಆಮೇಲೆ ಖುಷಿಪಟ್ಟರು.

"ನಿಜವಾದ ಲಾಭ ತೋರಿಸಿದ್ರೆ ಸಾಲ ಬರಲ್ಲ ಅಣ್ಣ. ಬಿಲ್ಲಿನ ಮೊತ್ತ ಬಹುಪಾಲು ಆದಾಯ ಅಂತ್ಲೇ ತೋರಿಸೋಣ. ತಂತಿ, ವಾರ್ನಿಶ್ ಖರ್ಚು ಕಳೆಯೋದು ಬೇಡ. ಸ್ವಲ್ಪ ಟ್ಯಾಕ್ಸ್ ಬೀಳುತ್ತೆ, ಕಟ್ಟಿಬಿಡಿ" ಎಂದರು.

"ಸುಳ್ಳಾಗಲ್ವಾ?" ಎಂದು ಇವರು ಕೇಳಿದರು.

"ಸರ್ಕಾರಕ್ಕೆ ಕಮ್ಮಿ ಕಟ್ಟಿದ್ರೆ ಸುಳ್ಳು. ಜಾಸ್ತಿ ಕಟ್ಟಿದ್ರೆ ಯಾರು ಕೇಳ್ತಾರೆ?"

ಹಾಗೆ ನನ್ನ ಗಂಡ ತಾಮ್ರದ ತಂತಿಯ ಮೇಲೂ ತೆರಿಗೆ ಕಟ್ಟಿದರು. ಸಾಲ ಬಂತು, ಮೆಶಿನ್ ಬಂತು. ತೆರಿಗೆ ಕಟ್ಟಿದ ಚಲನ್ನಿಗೆ ಲ್ಯಾಮಿನೇಶನ್ ಮಾಡಿಸಿ ಅಂಗಡಿಯಲ್ಲಿ ದೇವರ ಪಟದ ಪಕ್ಕ ನೇತುಹಾಕಿದರು. ಬಂದವರಿಗೆಲ್ಲ ತೋರಿಸುತ್ತಿದ್ದರು. ಊರಿಗೆಲ್ಲ ಮರೆತುಹೋದ ಯಾವುದೋ ಹಬ್ಬವನ್ನು ಒಬ್ಬರೇ ಆಚರಿಸುವವರ ಹಾಗೆ.

ಮನೆಯಲ್ಲಿ ಇನ್ನೊಂದು ಕಾಗದವೂ ಇತ್ತು, ನಮ್ಮ ಬಿಪಿಎಲ್ ಕಾರ್ಡು. ಅದು ನನ್ನ ಮಾವ ಮಾರಪ್ಪನವರ ಕಾಲದ್ದು. ಅವರು ಹೋದ ಮೇಲೆ ಅತ್ತೆ ಕರಿಬಸಮ್ಮನ ಹೆಸರಿಗೆ ಬಂತು, ಮನೆಯ ಯಜಮಾನಿ ಅವರೇ ತಾನೇ. ಅಕ್ಕಿ ಬರುತ್ತಿತ್ತು, ತಿಂಗಳ ದುಡ್ಡು ಅತ್ತೆಯ ಖಾತೆಗೆ ಬೀಳುತ್ತಿತ್ತು. ಅದು ದೊಡ್ಡದಲ್ಲ. ಈ ವರ್ಷ ಅತ್ತೆಯ ಹೃದಯದ ಕವಾಟ ಕೆಟ್ಟಿದೆ ಎಂದು ಡಾಕ್ಟರು ಹೇಳಿದರು. ನಾಲ್ಕು ಹೆಜ್ಜೆ ನಡೆದರೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದರು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಆಪರೇಷನ್ ಆಗಲೇಬೇಕು, ತಡ ಮಾಡುವ ಹಾಗಿಲ್ಲ ಎಂದರು. ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡಿನ ಮೇಲೆ ಪೂರ್ತಿ ಉಚಿತವಾಗಿ ಮಂಜೂರಾಯಿತು, ದಿನವೂ ಗೊತ್ತಾಯಿತು. ಅತ್ತೆಯ ಉಸಿರು ಈಗ ಆ ಕಾರ್ಡಿನಲ್ಲಿತ್ತು.

ಅದೇ ಹೊತ್ತಿಗೆ ನಗರಸಭೆ ಚುನಾವಣೆ ಬಂತು. ನಮ್ಮ ವಾರ್ಡಿನಲ್ಲಿ ಜನಾರ್ದನ ನಿಂತ. ಅವನ ತಂದೆಯ ಮನೆ ನಮ್ಮ ಮುಂದಿನ ಬೀದಿಯಲ್ಲಿದೆ, ವೋಟೂ ಇಲ್ಲೇ. ವಾಸ ಮಾತ್ರ ಶಿವಮೊಗ್ಗದ ಆಲ್ಕೊಳದಲ್ಲಿ, ಲಿಫ್ಟ್ ಇರುವ ಮನೆಯಲ್ಲಿ. ಅಡಿಕೆ ತೋಟ ಇದೆ, ಅದಕ್ಕಿಂತ ದೊಡ್ಡದಾಗಿ ಅಡಿಕೆ ವ್ಯಾಪಾರ ಇದೆ. ಊರವರ ತೋಟದ ಅಡಿಕೆಯನ್ನು ಕೊಂಡು ತನ್ನ ತೋಟದ ಬೆಳೆಯೆಂದು ಮಾರುತ್ತಾನೆ, ಯಾಕೆಂದರೆ ಬೆಳೆಗೆ ತೆರಿಗೆಯಿಲ್ಲ. ಸೋಗಾನೆಯ ಕಡೆ ಅವನಿಗಿದ್ದ ಜಮೀನಿಗೆ ವಿಮಾನ ನಿಲ್ದಾಣ ಬಂದ ಮೇಲೆ ಚಿನ್ನದ ಬೆಲೆ ಬಂತು. ಇದೆಲ್ಲ ಗುಟ್ಟೇನಲ್ಲ. ಟೀ ಅಂಗಡಿಯಲ್ಲಿ ಕೂತವರಿಗೆಲ್ಲ ಗೊತ್ತು, ಜನಾರ್ದನನ ತೋಟದಲ್ಲಿ ಮರಕ್ಕಿಂತ ಗೊನೆ ಜಾಸ್ತಿ ಎಂದು ಎಲ್ಲರೂ ನಗುತ್ತಾರೆ. ಆ ನಗುವಿನಲ್ಲಿ ಸಿಟ್ಟಿರುವುದಿಲ್ಲ, ಮೆಚ್ಚುಗೆಯಿರುತ್ತದೆ.

ಅವನ ಎದುರು ಯಾರೂ ಇರಲಿಲ್ಲ. ಮೋರಿ ಕಟ್ಟಿಕೊಂಡು ಬೀದಿಯೆಲ್ಲ ಗಬ್ಬು ನಾರುತ್ತಿದ್ದಾಗ ನಗರಸಭೆಗೆ ಅರ್ಜಿ ಹಿಡಿದು ಓಡಾಡಿದವರು ನನ್ನ ಗಂಡ. ಅದಕ್ಕೇ ಬೀದಿಯವರು ಇವರನ್ನು ಎಬ್ಬಿಸಿದರು. "ನೀನೇ ನಿಂತ್ಕೋ ಕಾಂತರಾಜಣ್ಣ, ನಾವೆಲ್ಲ ಇದೀವಿ" ಎಂದು ಪುಷ್ಪಮ್ಮನೇ ಮೊದಲು ಅಂದದ್ದು. ಹೊಗಳಿ ಹೊನ್ನಶೂಲಕ್ಕೆ ಏರಿಸುವುದು ಎಂದರೆ ಇದೇ. ಇವರು ಏರಿದರು.

ನಾಮಪತ್ರ ಸಲ್ಲಿಸಿದ ಮೇಲೆ ಜನಾರ್ದನನ ಅಫಿಡವಿಟ್ ನೋಟಿಸ್ ಬೋರ್ಡಿಗೆ ಬಂತು. ವೃತ್ತಿ ಕೃಷಿ, ಆದಾಯದ ಮೂಲ ಕೃಷಿ, ಅದರ ಮುಂದೆ ಒಂದು ಮೊತ್ತ. ಇವರು ಅದನ್ನು ನೋಡಿ ಬಂದು ಊಟಕ್ಕೆ ಕೂತರು, ಅನ್ನ ಕಲಸಿಕೊಂಡು ಹಾಗೇ ಕೂತರು.

"ಒಂದು ಸಾಲು ಬರೆದ್ರೆ ಮುಗೀತಾ? ರಿಟರ್ನ್ ಪೂರ್ತಿ ತೋರಿಸ್ಬೇಕು. ಯಾವ ವರ್ಷ ಎಲ್ಲಿಂದ ಎಷ್ಟು ಬಂತು, ಎಷ್ಟು ಕಟ್ಟಿದ್ದಾನೆ, ಜನ ನೋಡ್ಲಿ" ಎಂದರು.

"ಅವರ ಮನೆ ಲೆಕ್ಕ ನಿಮಗ್ಯಾಕ್ರೀ?"

"ನಾಳೆ ನಮ್ಮೆಲ್ಲರ ಕಂದಾಯದ ಕೀಲಿ ಅವನ ಕೈಗೆ ಹೋಗುತ್ತೆ ಯಶು. ಸ್ವಂತ ಕಂದಾಯ ಕಟ್ಟದೇ ಇರೋನ ಕೈಗೆ ಊರ ಕಂದಾಯ ಕೊಡೋದಾ? ಒಂದು ವಾಚ್‌ಮನ್ ಇಡೋಕೂ ಹಿಂದೆಮುಂದೆ ವಿಚಾರಿಸ್ತೀವಿ."

ಮಾತು ಸರಿಯಾಗಿಯೇ ಇತ್ತು. ಇವರ ಮಾತು ಯಾವಾಗಲೂ ಸರಿಯಾಗಿಯೇ ಇರುತ್ತದೆ, ಅದೇ ನನ್ನ ಸಂಕಟ. "ಕೇಳೋದಾದ್ರೆ ನಿಮ್ಮದನ್ನೂ ಕೇಳ್ತಾರೆ" ಎಂದೆ.

"ಕೇಳೋ ಮೊದಲೇ ತೋರಿಸ್ತೀನಿ."

"ರೀ, ಅತ್ತೆ ಕಾರ್ಡು? ತೆರಿಗೆ ಕಟ್ಟೋರ ಮನೇಲಿ ಬಿಪಿಎಲ್ ಇರೋ ಹಾಗಿಲ್ಲ ಅಂತಾರಲ್ಲ?"

"ಕಾರ್ಡು ಅಮ್ಮಂದು. ರಿಟರ್ನು ನಂದು. ಅದಕ್ಕೂ ಇದಕ್ಕೂ ಏನು?" ಎಂದು ಇವರು ಅನ್ನಕ್ಕೆ ಕೈಯಿಟ್ಟರು. ತಮಾಷೆಗೆ ಹೇಳಿದ್ದಲ್ಲ. ಒಂದೇ ಸೂರಿನ ಕೆಳಗೆ ಮೂರು ಆದಾಯ ಇರುತ್ತದೆ ಎನ್ನುವುದು ತಲೆಯಲ್ಲಿ ಇದ್ದರೆ ತಾನೇ ಒಂದಕ್ಕೊಂದು ತಾಗುತ್ತದೆ ಎಂಬ ಭಯ? ಇವರಿಗೆ ಒಂದೇ ಇತ್ತು. ಅಮ್ಮನಿಗೆ ಸರ್ಕಾರ ಕೊಟ್ಟದ್ದು ಅಮ್ಮನ ವಯಸ್ಸಿಗೆ, ಅಮ್ಮನ ಬಡತನಕ್ಕೆ ಎಂದು ನಿಜವಾಗಿಯೂ ನಂಬಿದ್ದರು. ನಾನು ಕಿರುಚಿ ಜಗಳ ಮಾಡಬೇಕಿತ್ತು. ಅತ್ತೆ ಒಳಗೆ ಆಗಷ್ಟೇ ನಿದ್ದೆ ಹೋಗಿದ್ದರು, ಇನ್ನೊಂದು ಸೌಟು ಸಾರು ಬಡಿಸಿ ಎದ್ದೆ.

ಮರುದಿನ ಅಂಗಡಿಯ ಮುಂದೆ ಬೋರ್ಡು ಬಂತು. ತಮ್ಮ ರಿಟರ್ನನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದರು. ಮೇಲೆ ಕೆಂಪು ಅಕ್ಷರದಲ್ಲಿ, 'ಇದು ನನ್ನ ಲೆಕ್ಕ. ಜನಾರ್ದನ ಅವರೇ, ನಿಮ್ಮದೆಲ್ಲಿ?'

ಬೀದಿಯೆಲ್ಲ ನೆರೆಯಿತು. ಇವರು ಮೋಟಾರ್ ಬಿಚ್ಚುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದರು, ಯಾರಾದರೂ ಭಲೇ ಎನ್ನುತ್ತಾರೆಂದು. ಪುಷ್ಪಮ್ಮ ಕನ್ನಡಕ ಏರಿಸಿಕೊಂಡು ಓದಿದಳು.

"ಅಬ್ಬಾ, ಇಷ್ಟು ದುಡೀತೀಯಾ ನೀನು? ಮತ್ತೆ ನನ್ನ ಮಿಕ್ಸಿಗೆ ಒಂದು ರೂಪಾಯಿ ಬಿಡಲಿಲ್ವಲ್ಲೋ!"

ಎಲ್ಲರೂ ನಕ್ಕರು. ತಂತಿ ಖರ್ಚು ಕಳೆದಿಲ್ಲ, ಅದೆಲ್ಲ ಲಾಭವಲ್ಲ ಎಂದು ಇವರು ವಿವರಿಸಲು ಹೊರಟರು, ಯಾರೂ ಕೇಳಿಸಿಕೊಳ್ಳಲಿಲ್ಲ. ಅವತ್ತಿನಿಂದ ಕೆಲವರು ಇವರನ್ನು ಸಾಹುಕಾರ್ರೇ ಎಂದು ಕರೆಯತೊಡಗಿದರು. ನಾನು ಬೋರ್ಡು ಇಳಿಸಿ ಎಂದು ಕಾಲಿಗೆ ಬೀಳುವುದೊಂದು ಬಾಕಿ. ಜನಾರ್ದನನೂ ತೋರಿಸುವವರೆಗೆ ಇಳಿಸುವುದಿಲ್ಲ ಎಂದರು ಇವರು.

ಜನಾರ್ದನ ತೋರಿಸಿದ. ಸಂಜೆ ಸರ್ಕಲ್ಲಿನಲ್ಲಿ ಸಭೆ ಇಟ್ಟಿದ್ದ. ಬಿಳಿ ಪಂಚೆ, ಹೆಗಲ ಮೇಲೆ ಹಸಿರು ಶಾಲು. ಮೈಕ್ ಮುಂದೆ ನಿಂತು ಸಭೆಯಲ್ಲಿ ಹಿಂದೆ ನಿಂತಿದ್ದ ಇವರನ್ನು ಹುಡುಕಿ ಕೈಮುಗಿದ.

"ನಮ್ಮ ಕಾಂತು ಕೇಳಿದ್ದು ನ್ಯಾಯವಾಗಿದೆ. ಕೇಳ್ಬೇಕು. ತಗೊಳ್ರಪ್ಪ, ಇದು ನನ್ನ ರಿಟರ್ನು. ಯಾರು ಬೇಕಾದ್ರೂ ನೋಡಿ, ಫೋಟೋ ಹೊಡ್ಕೊಳ್ಳಿ. ನಾನು ಕಟ್ಟಿರೋ ಟ್ಯಾಕ್ಸ್ ಸೊನ್ನೆ. ಹೌದು, ಸೊನ್ನೆ! ಯಾಕೆ? ನಾನು ರೈತ. ಮಣ್ಣು ನಂಬಿದೋನು. ಮಣ್ಣಿಗೆ ಈ ದೇಶದಲ್ಲಿ ಟ್ಯಾಕ್ಸ್ ಇಲ್ಲ. ನಮ್ಮಪ್ಪ ಕಟ್ಟಲಿಲ್ಲ, ನಿಮ್ಮಪ್ಪನೂ ಕಟ್ಟಲಿಲ್ಲ. ರೈತನ ಹತ್ರ ಟ್ಯಾಕ್ಸ್ ಕೇಳೋ ಕಾಲ ಬಂತಲ್ಲ, ಅದೊಂದೇ ನನಗೆ ಬೇಜಾರು."

ಚಪ್ಪಾಳೆ ಬಿತ್ತು. ಮರಕ್ಕಿಂತ ಗೊನೆ ಜಾಸ್ತಿ ಎಂದು ನಗುತ್ತಿದ್ದವರೇ ಶಿಳ್ಳೆ ಹಾಕಿದರು. ಇವರು ಕೈಯೆತ್ತಿ, "ಎಷ್ಟು ಎಕರೆ, ಎಷ್ಟು ಬೆಳೆ, ಅದನ್ನೂ ಹೇಳಿ" ಎಂದು ಕೂಗಿದರು. ಇವರ ಹತ್ತಿರವೇ ಪಂಪು ರಿಪೇರಿ ಮಾಡಿಸುವ ಒಬ್ಬ ತೋಟದವನು ತಿರುಗಿ, "ಏಯ್, ನಾಳೆ ನನ್ನ ತೋಟದ ಲೆಕ್ಕನೂ ಕೇಳ್ತೀಯಾ? ಕೂತ್ಕೊಳೋ ಸುಮ್ನೆ" ಎಂದು ಗದರಿದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇವರು ಕೂರಲಿಲ್ಲ, ಮನೆಗೆ ಬಂದರು. ಕಾನೂನಿನ ಕೈಗೆ ಸಿಗದೆ, ಎಲ್ಲವನ್ನೂ ತೋರಿಸಿಯೂ ಏನನ್ನೂ ತೋರಿಸದೆ ಇರಬಹುದು ಎಂದು ಅವತ್ತೇ ನನಗೆ ಗೊತ್ತಾದದ್ದು.

ಅಷ್ಟಕ್ಕೇ ಮುಗಿದಿದ್ದರೆ ಒಂದು ಅವಮಾನ ನುಂಗಿಕೊಂಡು ಇರುತ್ತಿದ್ದೆವು. ಇವರ ಬೋರ್ಡಿನ ಫೋಟೋ ವಾಟ್ಸಾಪಿನಲ್ಲಿ ತಿರುಗಿತು. ತಿರುಗಿ ತಿರುಗಿ ಯಾರ ಮೊಬೈಲಿಗೆ ತಲುಪಬೇಕೋ ಅಲ್ಲಿಗೆ ತಲುಪಿತು. ತೆರಿಗೆ ಕಟ್ಟುವವರ ಮನೆಯಲ್ಲಿ ಬಿಪಿಎಲ್ ಕಾರ್ಡು ಇದೆ ಎಂಬ ದೂರಿನ ಮೇಲೆ ಆಹಾರ ಇಲಾಖೆಯ ಇಬ್ಬರು ತಪಾಸಣೆಗೆ ಬಂದರು. ಜನಾರ್ದನನೇ ಕಳಿಸಿದ ಎನ್ನಲು ನನ್ನ ಹತ್ತಿರ ಸಾಕ್ಷಿಯಿಲ್ಲ. ಬಂದವರಲ್ಲಿ ಒಬ್ಬರು ಹೆಂಗಸು. ಅಂಗಡಿಯ ಗೋಡೆಯ ಮೇಲೆ ಲ್ಯಾಮಿನೇಶನ್ ಮಾಡಿಸಿದ್ದ ಚಲನ್ ನೋಡಿ ಅವರಿಗೇ ಪಾಪ ಅನ್ನಿಸಿತು.

"ಇದನ್ನ ಯಾಕಣ್ಣ ಗೋಡೆಗೆ ಹಾಕಿದ್ದೀರಾ?" ಎಂದರು.

ಕಾರ್ಡು ರದ್ದಾಯಿತು.

ಬಂದವರು ನಮ್ಮ ಮನೆಗೆ ಮಾತ್ರ ಬಂದು ಹೋಗಲಿಲ್ಲ. ಬಂದ ಮೇಲೆ ಬೀದಿಯನ್ನೂ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ನಮ್ಮ ಬೀದಿಯಲ್ಲಿ ಅವತ್ತು ಹೆಗಲು ಮುಟ್ಟಿಕೊಳ್ಳದವರೇ ಇರಲಿಲ್ಲ. ಮಗನಿಗೆ ಕಾರಿನ ಸಾಲ ತೆಗೆದಿದ್ದ ಪುಷ್ಪಮ್ಮನ ಕಾರ್ಡೂ ಹೋಯಿತು, ಇನ್ನೂ ಕೆಲವರದು ಹೋಯಿತು. ಪುಷ್ಪಮ್ಮನ ಮನೆಮಾತು ತಮಿಳು, ಸಿಟ್ಟು ಬಂದರೆ ತಮಿಳಿನಲ್ಲೇ ಬೈಯುತ್ತಾಳೆ. ಅವತ್ತು ನನಗೆ ಒಂದು ಮಾತೂ ತಪ್ಪದೆ ಅರ್ಥವಾಗಲೆಂದು ಕನ್ನಡದಲ್ಲೇ ಬೈದಳು.

"ಅವನ ಲೆಕ್ಕ ಕೇಳ್ತೀನಿ ಅಂತ ಹೋಗಿ ನಮ್ಮ ಅನ್ನದ ತಟ್ಟೆಗೆ ಕೈ ಹಾಕಿಸಿದನಲ್ಲೇ ನಿನ್ನ ಗಂಡ! ಜನಾರ್ದನಣ್ಣ ಟ್ಯಾಕ್ಸ್ ಕಟ್ಟದಿದ್ರೆ ನನಗೇನೇ ಹೋಗಿತ್ತು?"

ಅವಳ ಪ್ರಶ್ನೆಗೆ ನನ್ನ ಗಂಡನ ಹತ್ತಿರ ಉತ್ತರ ಇತ್ತು, ಆದರೆ ಅದನ್ನು ಕೇಳುವ ಕಿವಿ ಬೀದಿಯಲ್ಲಿ ಉಳಿದಿರಲಿಲ್ಲ.

ನಾನು ಆಸ್ಪತ್ರೆಗೆ ಓಡಿದೆ. ಕಾರ್ಡು ರದ್ದಾದರೆ ಮಂಜೂರಾತಿಯೂ ರದ್ದು ಎಂದರು. ಬೇರೆ ಕಾರ್ಡಿನವರಿಗೆ ಸರ್ಕಾರ ಕೊಡುವುದು ಸ್ವಲ್ಪ ಭಾಗ, ಉಳಿದದ್ದು ನಾವು ಕಟ್ಟಬೇಕು. ಮೆಶಿನ್ ಮಾರಿದರೂ, ಕೊರಳಲ್ಲಿದ್ದದ್ದು ಮಾರಿದರೂ ಅರ್ಧಕ್ಕೆ ಬರುವುದಿಲ್ಲ. ಇವರು ಬ್ಯಾಂಕಿಗೆ ಹೋದರು. ಹಳೆಯ ಸಾಲ ತೀರುವವರೆಗೆ ಹೊಸದಿಲ್ಲ ಎಂದರು. ಬೀದಿಯವರ ಹತ್ತಿರ ಕೇಳಲು ಮುಖವಿರಲಿಲ್ಲ. ಅತ್ತೆ ರಾತ್ರಿಯೆಲ್ಲ ದಿಂಬಿಗೆ ಒರಗಿ ಕೂತೇ ಇರುತ್ತಿದ್ದರು.

"ಆಪರೇಷನ್ ಯಾಕೆ ಮುಂದೆ ಹೋಯ್ತೇ ಯಶೋಧಿ?" ಎಂದು ಕೇಳಿದರು.

"ಡಾಕ್ಟ್ರು ಊರಲ್ಲಿಲ್ವಂತೆ ಅತ್ತೆ."

ಇವರು ಅಂಗಡಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ನನಗೆ ಇವರ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಆ ಬೋರ್ಡನ್ನು ಕಿತ್ತು ಇವರ ತಲೆಯ ಮೇಲೇ ಕುಕ್ಕಬೇಕು ಅನ್ನಿಸಿತ್ತು. ಕುಕ್ಕಲಿಲ್ಲ. ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು, ಎಲ್ಲಿಗೆಂದು ಹೇಳದೆ ಶಿವಮೊಗ್ಗದ ಬಸ್ಸು ಹತ್ತಿದೆ.

ಆಲ್ಕೊಳ ಸರ್ಕಲ್ಲಿನಲ್ಲಿ ಇಳಿದು ಮನೆ ಕೇಳಿಕೊಂಡು ಹೋದೆ. ಜನಾರ್ದನನ ಹೆಂಡತಿ ಸುಮನಾ ಬಾಗಿಲು ತೆಗೆದು, ಒಳಗೆ ಕೂರಿಸಿ, ಕಾಫಿ ಕೊಟ್ಟಳು. ಅವಳು ಕಾಫಿ ಕೊಡದೆ ಬಾಗಿಲಲ್ಲೇ ನಿಲ್ಲಿಸಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಜನಾರ್ದನ ಬಂದು ಎದುರು ಕೂತ. ನಾನು ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದೆ. ಇವರನ್ನು ಕಣದಿಂದ ಹಿಂದೆ ಸರಿಸುತ್ತೇನೆ ಎನ್ನಬೇಕು, ಬೋರ್ಡು ಇಳಿಸುತ್ತೇನೆ ಎನ್ನಬೇಕು ಎಂದೆಲ್ಲ. ಬಾಯಿ ತೆರೆದರೆ ಅಳು ಬಂತು.

"ಅಳಬೇಡ ತಂಗಿ. ಎಲ್ಲ ಗೊತ್ತಾಯ್ತು ನನಗೆ. ಕರಿಬಸಮ್ಮ ನನಗೇನು ಬೇರೆಯೋರಾ? ಚಿಕ್ಕೋನಿದ್ದಾಗ ಅವರ ಕೈಯಲ್ಲಿ ಮಜ್ಜಿಗೆ ಕುಡ್ದಿದ್ದೀನಿ. ನಾನು ನೋಡ್ಕೊಳ್ತೀನಿ."

"ಅಣ್ಣ, ಚುನಾವಣೆ..."

"ಅದರ ಮಾತು ಎತ್ತಬೇಡ. ಕಾಂತು ನಿಂತ್ಕೊಳ್ಲಿ, ಬೋರ್ಡು ಇರಲಿ. ನನಗೇನೂ ಬೇಡ." ಆಮೇಲೆ ದನಿ ತಗ್ಗಿಸಿ ಹೇಳಿದ, "ಈಗ ನಾನು ಕೊಟ್ರೆ ನೀತಿ ಸಂಹಿತೆ ಅಂತಾರೆ. ಸುಮನಾ ತಮ್ಮ ಹೋಗಿ ಕ್ಯಾಶ್ ಕಟ್ತಾನೆ. ರಸೀದಿ ಗಿಸೀದಿ ಯಾರ ಹೆಸರಿಗೂ ಬೇಡ."

ಬಾಗಿಲವರೆಗೆ ಬಂದು ಕಳಿಸಿದ. ಏನಾದರೂ ಕೇಳಿದ್ದರೆ ಬಯ್ದುಕೊಂಡಾದರೂ ಬರಬಹುದಿತ್ತು. ಏನೂ ಕೇಳದೆ, ನನ್ನ ಸಿಟ್ಟನ್ನೂ ಕಿತ್ತುಕೊಂಡು ಕಳಿಸಿಬಿಟ್ಟ. ಒಳ್ಳೆಯತನವೂ ಅವನ ಹತ್ತಿರ ಲೆಕ್ಕಕ್ಕೆ ಸಿಗದಷ್ಟು ಇತ್ತು.

ಮನೆಗೆ ಬಂದು ಇವರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರೆ ತಿರುಗಿ ಬೈಯಲು ಸಿದ್ಧಳಾಗಿಯೇ ಇದ್ದೆ. ಇವರು ಕೈಯಲ್ಲಿದ್ದ ತಂತಿಯನ್ನು ಸುತ್ತಿ ಸುತ್ತಿ ಬಿಚ್ಚುತ್ತಾ, "ರಸೀದಿ ಕೊಡ್ತಾರಂತಾ?" ಎಂದು ಕೇಳಿದರು.

"ಇಲ್ಲ."

ಎದ್ದು ಹೋಗಿ ಬೋರ್ಡು ಇಳಿಸಿದರು. ಗೋಡೆಯ ಮೇಲಿನ ಚಲನ್ನನ್ನೂ ಇಳಿಸಿದರು. ಬೀದಿಯಲ್ಲಿ ಯಾರೋ ನಕ್ಕದ್ದು ಕೇಳಿಸಿತು.

ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಅತ್ತೆಗೆ ಯಾರು ಕಟ್ಟಿದರೆಂದು ನಾವು ಹೇಳಿರಲಿಲ್ಲ. ಆದರೆ ಜನಾರ್ದನ ಹಣ್ಣಿನ ಬುಟ್ಟಿ ಹಿಡಿದು ಬಂದು ಹೇಳಿಹೋದ, ಜೊತೆಯಲ್ಲಿ ಬಂದವನು ಫೋಟೋ ತೆಗೆದ. ಅತ್ತೆ ಎದೆಯ ಹೊಲಿಗೆಯ ಮೇಲೆ ಒಂದು ಕೈಯಿಟ್ಟುಕೊಂಡು, ಇನ್ನೊಂದು ಕೈಯನ್ನು ಅವನ ತಲೆಯ ಮೇಲಿಟ್ಟು, "ನೂರು ವರ್ಷ ಬಾಳಪ್ಪ, ಗೆದ್ದು ಬಾ" ಎಂದರು. ಅವರ ಮಗ ಮಂಚದ ಆಚೆಗೇ ನಿಂತಿದ್ದರು. ಆ ಫೋಟೋದಲ್ಲಿ ಇವರೂ ಇದ್ದಾರೆ, ಅರ್ಧ ಮುಖ. ಅವತ್ತು ಮಧ್ಯಾಹ್ನದೊಳಗೆ ವಾರ್ಡಿನ ಪ್ರತಿ ಮೊಬೈಲಿಗೂ ಅದು ಬಂದಿತ್ತು.

ಅದೇ ವಾರ ಜನಾರ್ದನನ ತೋಟದ ಆಳು ಒಂದು ಪಂಪಿನ ಮೋಟಾರ್ ತಂದು ನಮ್ಮ ಅಂಗಡಿಯಲ್ಲಿ ಇಳಿಸಿದ. ಕಾಯಿಲ್ ಸುಟ್ಟಿತ್ತು. ಎಂದಿನ ಹಾಗೆ ಕಳಿಸಿದ್ದನೋ, ಇವರನ್ನು ನೋಡಲೆಂದೇ ಕಳಿಸಿದ್ದನೋ ತಿಳಿಯದು. ಇವರು ಅದನ್ನು ಬೆಂಚಿನ ಮೇಲಿಟ್ಟು ಗೋಣಿಚೀಲ ಮುಚ್ಚಿದರು, ಮುಟ್ಟಲಿಲ್ಲ. ಪುಕ್ಕಟೆ ಮಾಡಿಕೊಟ್ಟರೆ ಅದು ಇವರ ಸ್ವಭಾವವಲ್ಲ, ಬಿಲ್ ಹರಿದು ದುಡ್ಡು ಕೇಳಲು ಬಾಯಿಯಿಲ್ಲ. ಆಸ್ಪತ್ರೆಯಿಂದ ಬಂದಾಗಲೆಲ್ಲ ಆ ಗೋಣಿಚೀಲದ ಮುಂದೆ ನಿಂತು ನೋಡಿ ಒಳಗೆ ಹೋಗುತ್ತಿದ್ದರು. ಪ್ರಚಾರಕ್ಕೆ ಮತ್ತೆ ಹೋಗಲಿಲ್ಲ. ಹೆಸರು ಮಾತ್ರ ವೋಟಿಂಗ್ ಮೆಶಿನ್ನಿನಲ್ಲಿ ಹಾಗೇ ಉಳಿಯಿತು.

ವೋಟಿನ ದಿನ ಅತ್ತೆಯನ್ನು ನರ್ಸಿಗೆ ಒಪ್ಪಿಸಿ ಇಬ್ಬರೂ ಭದ್ರಾವತಿಗೆ ಬಂದೆವು. ಶಾಲೆಯ ಮುಂದೆ ಸಾಲಿನಲ್ಲಿ ಪುಷ್ಪಮ್ಮ ಮುಖ ತಿರುಗಿಸಿಕೊಂಡಳು. ಯಾರೋ, "ಸಾಹುಕಾರ್ರಿಗೆ ಜಾಗ ಬಿಡ್ರಪ್ಪ" ಎಂದರು. ಇವರು ನನ್ನ ಮುಂದೆ ಒಳಗೆ ಹೋದರು. ಬಹಳ ಹೊತ್ತು ಮರೆಯಲ್ಲೇ ನಿಂತಿದ್ದರು. ಅಧಿಕಾರಿ, "ಬಟನ್ ಒತ್ತಿದ್ರಾ ಸಾರ್?" ಎಂದು ಕೇಳಬೇಕಾಯಿತು. ಆಮೇಲೆ ಬೀಪ್ ಎಂದಿತು.

ನಾನು ಒಳಗೆ ಹೋದಾಗ ಸಿಟ್ಟು ನೆತ್ತಿಯಲ್ಲೇ ಇತ್ತು. ಈ ಮನುಷ್ಯನಿಂದ ನಾನು ಅಂಗಲಾಚಬೇಕಾಯಿತು, ಬೀದಿಗೆಲ್ಲ ಬೇಡದವಳಾದೆ. ಅದೇ ಸಿಟ್ಟಿನಲ್ಲಿ ಇವರ ಗುರುತನ್ನೇ ಒತ್ತಿದೆ. ಇಡೀ ವಾರ್ಡಿನಲ್ಲಿ ಕೇಳಬೇಕಾದ್ದನ್ನು ಕೇಳಿದವರು ಇವರೊಬ್ಬರೇ, ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೇರೆಯದನ್ನು ಒತ್ತಲು ಕೈ ಬರಲಿಲ್ಲ.

ಮನೆಗೆ ಬಂದು ನಾನು ಒಳಗೆ ಟೀ ಇಟ್ಟೆ. ಹೊರಗೆ ಸ್ಪ್ಯಾನರಿನ ಸದ್ದಾಯಿತು. ಹೋಗಿ ನೋಡಿದರೆ ಗೋಣಿಚೀಲ ತೆಗೆದು ಜನಾರ್ದನನ ಮೋಟಾರ್ ಬಿಚ್ಚುತ್ತಿದ್ದರು. ಸುಟ್ಟ ತಂತಿಯ ವಾಸನೆ ಕೋಣೆಯೆಲ್ಲ ತುಂಬಿತ್ತು. ತಲೆಯೆತ್ತದೆ ಕೇಳಿದರು, "ಯಶು, ನೀನು ಯಾರಿಗೆ ಹಾಕ್ದೆ?"

"ಇನ್ಯಾರಿಗೆ? ನಿಮಗೇ."

ಇವರ ಕೈ ನಿಂತಿತು. "ಹಾಗಾದ್ರೆ ನನಗೆ ಒಂದು ವೋಟು ಬಿತ್ತು" ಎಂದರು.

"ಒಂದಲ್ಲ, ಎರಡು. ನಿಮ್ಮದೂ ಸೇರಿಸ್ಕೊಳ್ಳಿ" ಎಂದೆ. ಎಷ್ಟೋ ದಿನದ ಮೇಲೆ ನಗು ಬರುವ ಹಾಗಾಗಿತ್ತು ನನಗೆ.

"ಇಲ್ಲ ಯಶು. ಒಂದೇ."

ಕೈಯಲ್ಲಿದ್ದ ಟೀ ಲೋಟ ಬೆಂಚಿನ ಮೇಲಿಟ್ಟೆ. ಇವರು ಆ ಮೋಟಾರಿನ ಮೇಲೆ ಅಂಗೈ ಇಟ್ಟುಕೊಂಡು ಮಾತಾಡಿದರು.

"ಅಮ್ಮನ್ನ ಉಳಿಸಿದ್ದಾನೆ. ರಸೀದಿ ಇಲ್ದೆ ತಗೊಂಡಿದ್ದನ್ನ ಇಟ್ಕೊಂಡು ನನ್ನ ಕೈಲಿ ಬದುಕೋಕಾಗಲ್ಲ. ಅಷ್ಟು ದುಡ್ಡು ನಾನು ಯಾವತ್ತು ತೀರಿಸ್ಲಿ? ಅವನಿಗೆ ಬೇಕಾಗಿರೋದು ನನ್ನ ಹತ್ರ ಆ ಒಂದು ವೋಟೇ ಇತ್ತು. ಕೊಟ್ಟೆ. ತೀರಿತು."

ಜನಾರ್ದನ ಏನೂ ಕೇಳಿರಲಿಲ್ಲ. ಕೇಳದೆಯೇ, ಅವನನ್ನು ಲೆಕ್ಕ ಕೇಳಿದ ಒಬ್ಬನೇ ಮನುಷ್ಯನ ವೋಟು ಅವನಿಗೆ ಹೋಗಿತ್ತು. ನಾನು ಇವರ ಭುಜ ಹಿಡಿದು ಅಲ್ಲಾಡಿಸಿಬಿಟ್ಟೆ. "ಅಯ್ಯೋ, ಅದು ಅವನ ದುಡ್ಡಲ್ಲರೀ! ಅವನು ಸರ್ಕಾರಕ್ಕೆ ಕಟ್ಟದೇ ಇದ್ದ ದುಡ್ಡು ಅದು! ನೀವೇ ಹೇಳ್ತಿದ್ರಲ್ಲ!"

"ಗೊತ್ತು" ಎಂದರು. "ಆದ್ರೆ ಕೊಟ್ಟಿದ್ದು ಅವನೇ ಅಲ್ವಾ?"

ಆಮೇಲೆ ಡ್ರಾಯರ್ ಎಳೆದು ಬಿಲ್ ಬುಕ್ ತೆಗೆದರು. ಎಷ್ಟೋ ದಿನದಿಂದ ಮುಟ್ಟಿರಲಿಲ್ಲ, ಧೂಳು ಒರೆಸಿದರು. ಹಾಳೆಯ ಕೆಳಗೆ ಕಾರ್ಬನ್ ಇಟ್ಟು, ಗಿರಾಕಿಯ ಹೆಸರಿನ ಜಾಗದಲ್ಲಿ ಜನಾರ್ದನ ಎಂದು ದುಂಡಗೆ ಬರೆದರು.

"ಇನ್ನು ಇದಕ್ಕೆ ಪೂರ್ತಿ ದುಡ್ಡು ಕೇಳ್ಬೋದು" ಎಂದರು.